ಹೆಸರು ಹೇಳದ ಕೋಣೆ

ಆಟಿ ತಿಂಗಳು. ಬೋಟುಗಳೆಲ್ಲ ದಡದಲ್ಲಿ
ಟಾರ್ಪಾಲು ಹೊದ್ದು ಮಲಗಿವೆ.
ಕಸಬ ಕಡಪ್ಪುರದಲ್ಲಿ ಏಲಂ ಇಲ್ಲ,
ಏಲಂ ಇಲ್ಲದ ಮೇಲೆ ಲೆಕ್ಕ ಬರೆಯುವ ನನಗೂ ಕೆಲಸವಿಲ್ಲ.
ನಾವು ಏಲಂ ಅನ್ನುವುದನ್ನು ಮಮ್ಮುಂಞಿ ಲೇಲಂ ಅನ್ನುತ್ತಾನೆ,
ಬೂತಾಯಿಗೆ ಎರಡೂ ಒಂದೇ.

ಹೆಂಡತಿಯ ತಮ್ಮ ತಾರಾನಾಥ ಫೋನು ತೋರಿಸಿದ:
"ಇದೂ ಒಂದು ಏಲಂ ಭಾವ, ಕೂಗಬೇಕಿಲ್ಲ ಅಷ್ಟೆ.
ಮಳೆಗಾಲ, ಹೋಟೆಲು ಕೋಣೆಗಳು ಖಾಲಿ.
ಖಾಲಿ ಕೋಣೆಯೂ ಮೀನಿನ ಹಾಗೆ,
ಇವತ್ತಿನದು ನಾಳೆಗೆ ನಾರುತ್ತದೆ."

ಫೋನಿನ ತೆರೆಯ ಮೇಲೆ ಇಷ್ಟೇ ಇತ್ತು:
ನಾಲ್ಕು ನಕ್ಷತ್ರ. ಬೇಕಲದ ಆಸುಪಾಸು. ಕಡಲಿಗೆ ಮುಖ.
ಮಾಮೂಲು ದರ ಆರು ಸಾವಿರದ ಎಂಟುನೂರು.
ಹೆಸರು? ದುಡ್ಡು ಕಟ್ಟಿದ ಮೇಲೆ.

ಬುಟ್ಟಿಗೆ ಗೋಣಿ ಮುಚ್ಚಿ ಮಾರಹೊರಟರೆ
ನಮ್ಮ ಕಡಪ್ಪುರದಲ್ಲಿ ಹೊಡೆದಾಟ ಆದೀತು.
ಕಿವಿರು ಎತ್ತಿ ನೋಡದೆ ಬೆಲೆ ಹೇಳಿದವರನ್ನು
ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ.

ವಾರಿಜ ಕಾಯಿ ತುರಿಯುತ್ತ ಹೇಳಿದಳು,
"ಯಾವುದಾದರೂ ಆಗಲಿ, ಅದೊಂದು ಬೇಡ."
ಅದೊಂದು ಯಾವುದೆಂದು ನನಗೆ ಗೊತ್ತು.
ಮೂರು ಮಳೆಗಾಲ, ನಾಲ್ಕು ಬೇಸಿಗೆ
ಅವಳು ಅಲ್ಲಿ ಹಾಸಿಗೆಯ ಬಟ್ಟೆ ಬದಲಿಸಿದ್ದಳು,
ಸೊಂಟವನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಮೊದಲ ರಾತ್ರಿ ಸಾವಿರದ ನೂರು.
ಕ್ಷಮಿಸಿ, ಅಂದಿತು. ಇಪ್ಪತ್ತನಾಲ್ಕು ಗಂಟೆ ಕಾಯಿರಿ.
ಎರಡನೆಯ ರಾತ್ರಿ ಸಾವಿರದ ನಾನೂರು.
ಮತ್ತೆ ಕ್ಷಮಿಸಿ. ಇಷ್ಟು ಮರ್ಯಾದೆಯಿಂದ ಯಾರೂ
ನನ್ನ ಮುಖಕ್ಕೆ ಬಾಗಿಲು ಹಾಕಿದ್ದಿಲ್ಲ.

ಮಮ್ಮುಂಞಿಗೆ ಫೋನು ಮಾಡಿದೆ.
"ತುಂಡು ಲೆಕ್ಕ ಹೇಳು ಮಾರಾಯ," ಅಂದ,
"ಉರುಟು ಲೆಕ್ಕ ಹೇಳುವವನ ಕಿಸೆಯಲ್ಲಿ ಇನ್ನೂ ಇದೆ ಅಂತ
ಮಾರುವವನ ಮೂಗಿಗೆ ಗೊತ್ತಾಗುತ್ತದೆ."

ಸಾವಿರದ ಆರುನೂರ ಐವತ್ತೇಳು.
ತೆರೆಯ ನಡುವೆ ಒಂದು ಚಕ್ರ ತಿರುಗಿತು.
ನಾನು ಮನಸ್ಸಿನಲ್ಲೇ ಕೂಗಿದೆ:
ಒರು ತರಂ. ರಂಡು ತರಂ.
ಮೂರನೆಯದು ಬಾಯಿಗೆ ಬರುವ ಮೊದಲೇ
ಹೆಸರು ಬಂತು.

ಅದೇ.

ವಾರಿಜ ಏನೂ ಹೇಳಲಿಲ್ಲ. ತುರಿಮಣೆ ತೊಳೆದಿಟ್ಟಳು.
ಹಣ ವಾಪಸಿಲ್ಲ ಎಂದು ಸಣ್ಣಕ್ಷರದಲ್ಲಿತ್ತು.

ಶನಿವಾರ ಹೋದೆವು. ಮದುವೆಮನೆಗೆ ಉಡುವ ಸೀರೆ.
ಆ ಕಟ್ಟಡದ ಎದುರುಬಾಗಿಲಿನಿಂದ
ಅವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು.
ಕೋಣೆ ಇನ್ನೂರ ಒಂಬತ್ತು. ಕಿಟಕಿಯ ತುಂಬ ಕಡಲು
ಕೆಸರು ಬಣ್ಣದಲ್ಲಿ ಕುದಿಯುತ್ತಿತ್ತು.
ನಾನು ಅದನ್ನು ನೋಡಿದೆ. ಅವಳು ಹಾಸಿನ ಮೂಲೆ
ಮೀನಿನ ಕಿವಿರಿನಂತೆ ಎತ್ತಿ ನೋಡಿದಳು.
"ಮಡಿಕೆ ಸಡಿಲ," ಅಂದಳು. "ಎಡಗಡೆಯ ನಲ್ಲಿ ಈಗಲೂ ಸೋರುತ್ತದೆ."
ರಾತ್ರಿ ಎರಡಕ್ಕೆ ನನ್ನನ್ನು ಎಬ್ಬಿಸಿ ನಿಲ್ಲಿಸಿ
ನಾಲ್ಕು ಮೂಲೆ ಬಿಗಿದು ಸಿಕ್ಕಿಸಿದ ಮೇಲೆಯೇ
ಅವಳಿಗೆ ನಿದ್ದೆ ಹತ್ತಿದ್ದು.

ಬೆಳಗ್ಗೆ ನೆಲ ಒರೆಸಲು ಬಂದ ಹುಡುಗಿ
ಬಾಗಿಲಲ್ಲೇ ನಿಂತಳು, ಬಕೆಟ್ಟು ಕೈಯಲ್ಲೇ.
"ವಾರಿಜೇಚ್ಚೀ, ನಿಙ್ಙಳಾ?"
ಆಮೇಲೆ ದನಿ ತಗ್ಗಿಸಿ, ಎಷ್ಟಾಯಿತು ಅಂತ ಕೇಳಿದಳು.

"ಆರು ಸಾವಿರದ ಎಂಟುನೂರು," ಅಂದಳು ವಾರಿಜ.
ರೆಪ್ಪೆ ಅಲುಗಲಿಲ್ಲ.
ಇಷ್ಟು ವರ್ಷ ಮುಖ ನೋಡಿ ನೋಡಿ ಲೆಕ್ಕ ಬರೆದವನು ನಾನು;
ಈ ಮುಖ ಕಡಪ್ಪುರದಲ್ಲಿ ನಿಂತಿದ್ದರೆ
ಅಂಜಲ್ ಬಂಗುಡೆಯ ಬೆಲೆಗೆ ಬರುತ್ತಿತ್ತು.

ಕಾಸರಗೋಡಿನ ಬಸ್ಸಿನಲ್ಲಿ ಅವಳ ಚೀಲದಿಂದ ಪರಿಮಳ.
ಎರಡು ಸಣ್ಣ ಸಾಬೂನು. ಅಲ್ಲ, ಮೂರು.
ಮೂರನೆಯದು ಆ ಹುಡುಗಿ ಕೊಟ್ಟದ್ದಂತೆ.