ಹಿಂದಕ್ಕೆ ಕರೆ

ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದೇವೆ, ಎಂದಿತ್ತು
ಮೊಂಟಾನಾದ ಬ್ಯೂಟ್ ಊರಿಗೆ,
ಡೆಲ್ಫೀನ್ ಕ್ರೂಗರ್ ಹೆಸರಿಗೆ, ಜುಲೈನಲ್ಲಿ ಬಂದ ಕಾಗದ.
ಮುಂದಿನ ಬ್ರೇಕಿನಲ್ಲಿ ದೋಷ. ಬೈಕು ಓಡಿಸಬೇಡಿ.
ಹತ್ತಿರದ ಡೀಲರ್ ಬಳಿ ತನ್ನಿ.

ಹತ್ತಿರ ಎಂದರೆ ಹೆಲೆನಾ. ನಡುವೆ ಎರಡು ಘಟ್ಟ.
ಓಡಿಸದೆ ತರುವುದು ಹೇಗೆಂದು ಫೋನಿನಲ್ಲಿ ಕೇಳಿದಳು.
ಪಾಪ, ಆ ಹುಡುಗನಿಗೂ ಗೊತ್ತಿರಲಿಲ್ಲ.

ಪಿಕಪ್ಪಿನ ಬೆನ್ನಿಗೇರಿಸಿ, ಹಗ್ಗ ಬಿಗಿದು ಹೋದಳು.
ತವರು ಕರೆಯಿತೆಂದು ಹೋದರೆ
ಜಗುಲಿಯಲ್ಲೇ ಕೂರಿಸಿ ಕಳಿಸಿದ ಹಾಗೆ:
'ಪಾರ್ಟ್ ಬಂದಿಲ್ಲ. ಮುಂದಿನ ತಿಂಗಳು.'
ಕಾಫಿ ಮಾತ್ರ ಪುಕ್ಕಟೆ,
ಹೊಸ ಮಾಡೆಲ್ಲಿನ ಬಣ್ಣದ ಚೀಟಿಯೂ.

ಮುಂದಿನ ತಿಂಗಳಿಗೂ ಒಂದು ಮುಂದಿನ ತಿಂಗಳಿತ್ತು.

ಅಕ್ಟೋಬರಿನ ಮೊದಲ ಹಿಮದ ದಿನ
ಮೆಕ್ಯಾನಿಕ್ ಒರಿನ್ ಕೆಲಸ ಮುಗಿಸಿದ್ದು ಇಪ್ಪತ್ತೇ ನಿಮಿಷಕ್ಕೆ.
ಕಳಚಿದ್ದನ್ನು ಅವಳ ಅಂಗೈಗೆ ಹಾಕಿದ:
ಹುಣಸೆ ಬೀಜದಷ್ಟು ರಬ್ಬರು, ಅದರಲ್ಲೊಂದು ಸೀಳು.

ಆಗ ಬಂದವು ಒಂದೊಂದಾಗಿ
ಆರು ವರ್ಷ ನಂಬಿ ಬ್ರೇಕು ಹಿಡಿದ ತಿರುವುಗಳು.
ಜಿಂಕೆ ಅಡ್ಡ ಬಂದದ್ದು.
ಹಿಂದಿನ ಸೀಟಿನಲ್ಲಿ ತಂಗಿಯ ಮಗ
ಏನೂ ತಿಳಿಯದೆ ಹಾಡುತ್ತಿದ್ದದ್ದು.

'ಬಿಲ್ ಸೊನ್ನೆ, ಮೇಡಂ,' ಎಂದ ಒರಿನ್.
ಅವಳು ಆದರೂ ರಸೀತಿ ಕೇಳಿ ಪಡೆದಳು,
ನಾಲ್ಕು ಮಡಿಕೆ ಮಾಡಿ
ಬೀಜವನ್ನು ಅದರೊಳಗಿಟ್ಟಳು.