ಖಾಲಿ ಕಾಲಂ

ರೇಕ್ಯಾವಿಕ್. ಮೂರೂವರೆಗೇ ಕತ್ತಲು.
ಉಡುಗೊರೆ ನೋಂದಣಿಯ ಮೇಜಿನಲ್ಲಿ ಸ್ಟೇನ್ವರ್
ಪೆನ್ನಿನ ತುದಿ ಕಚ್ಚಿ ಕೇಳುತ್ತಾಳೆ:
“ಜುಲೈಯಲ್ಲಿ ನದಿಗೆ ಹೋಗಿದ್ದಿರಲ್ಲ,
ಗಾಳಕ್ಕೆ ದಿನಬಾಡಿಗೆ ಯಾರು ತೆತ್ತರು?”

ಸಂಸದ ಬ್ರಾಂಡುರ್ ನಗುತ್ತಾನೆ.
“ಯಾರೋ ಸ್ನೇಹಿತರು. ಸಿಕ್ಕಿದ್ದು ಒಂದೇ ಸಾಲ್ಮನ್,
ಅದನ್ನೂ ನೀರಿಗೇ ಬಿಟ್ಟೆನಮ್ಮ!”

ಬರೆದುಕೊಳ್ಳುತ್ತಾಳೆ.
ಹಿಡಿದದ್ದು: ಒಂದು. ಬಿಟ್ಟದ್ದು: ಒಂದು.
ಸ್ನೇಹಿತರ ಹೆಸರು:

“ಮೀನು ಸಾಕಣೆ ಮಸೂದೆ ಗುರುವಾರ ಅಲ್ಲವೇ?”

ಅವನು ಕೈಗವಸು ಹುಡುಕುತ್ತಾನೆ,
ಕೈಗವಸು ತೊಟ್ಟ ಕೈಯಿಂದಲೇ.

ದಂಡ ಹಾಕುವ ಅಧಿಕಾರ ಅವಳಿಗಿಲ್ಲ.
ಒಂದು ಮೊಹರಿದೆ, ಎದುರಿಗೊಂದು ಕುರ್ಚಿ,
ಬೇಕಾದಷ್ಟು ಉದ್ದದ ರಾತ್ರಿ.

ಅವಳಪ್ಪ ಅದೇ ನದಿಯಲ್ಲಿ
ದೊಡ್ಡವರಿಗೆ ದಾರಿ ತೋರುತ್ತಿದ್ದವನು.
ನೀರಿಗೆ ಬಿಟ್ಟ ಮೀನಿನ ತುಟಿ
ಹೇಗಿರುತ್ತದೆಂದು
ಆರು ವರ್ಷಕ್ಕೇ ಕಂಡವಳು.