ಮೂರನೇ ಬೋಗಿಯ ಬಾಗಿಲು

ಶಿರವಾಡದ ಸ್ಟೇಷನ್ನಿನಾಚೆ, ಹುಲ್ಲು ಬೆಳೆದ ಸೈಡಿಂಗಿನಲ್ಲಿ
ಮೂರನೇ ಬೋಗಿ ಬಾಯಿ ತೆರೆದು ನಿಂತಿದೆ.
ಅದರ ಬಾಗಿಲು ನನ್ನೆದುರು, ಎರಡು ಸ್ಟೂಲಿನ ಮೇಲೆ
ಅಂಗಾತ ಮಲಗಿದೆ.
ಇಪ್ಪತ್ತೊಂಬತ್ತು ವರ್ಷ ನಿಂತೇ ದುಡಿದದ್ದಕ್ಕೆ
ಇದೊಂದು ರಜೆ.

ಕೆಳಗಿನ ಗೇಣುದ್ದ ತಗಡು ಹೋಗಿಯೇ ಹೋಗಿದೆ,
ಬೆರಳೊತ್ತಿದರೆ ಹಪ್ಪಳ.
ಮಳೆಯಲ್ಲ ಇದನ್ನು ತಿಂದದ್ದು, ಅನ್ನುತ್ತಿದ್ದ ಇನಾಸ್ ಮೇಸ್ತ್ರಿ,
ಮಳೆ ನಾಲ್ಕು ತಿಂಗಳ ನೆಂಟ.
ಮೀನುಬುಟ್ಟಿಯ ನೀರು ದಿನದ ಗಿರಾಕಿ.
ಉಪ್ಪಿಗೆ ಟಿಕೆಟಿಲ್ಲ,
ಇಳಿಯುವ ಸ್ಟೇಷನ್ನೂ ಇಲ್ಲ.

ಬಣ್ಣ ಕೆರೆಯುತ್ತೇನೆ.
ನೀಲಿ. ನೀಲಿಯ ಕೆಳಗೆ ಇನ್ನೊಂದು ನೀಲಿ,
ಕಾಳಿ ಹೊಳೆ ಕಡಲಿಗೆ ಬೀಳುವಲ್ಲಿಯ ಹಾಗೆ
ಯಾವುದು ಎಲ್ಲಿ ಮುಗಿಯಿತೆಂದು ಹೇಳಲಾಗದ್ದು.
ಅದರಡಿ ಕೆಂಪು ಪ್ರೈಮರ್,
ಪ್ರೈಮರಿನ ಮೇಲೆ ಮೊಳೆಯಲ್ಲಿ ಗೀಚಿದ್ದು: ಸುಗಂಧಾ, ಒಂದು ಕೂಡಿಸುವ ಗುರುತು,
ಮುಂದಿನ ಹೆಸರನ್ನು ಹಿಡಿಕೆಯ ಬೋಲ್ಟು ನುಂಗಿದೆ.
ಇದ್ದರಿರಲಿ. ಮೇಲೆ ಬಣ್ಣ ಬಳಿಯುವವ ನಾನೇ ಅಲ್ಲವೆ.

ಸುರಂಗದ ಮಾತು ಬೇರೆ.
ಹಾರವಾಡ ಬಿಟ್ಟು ಗಾಡಿ ಗುಡ್ಡದ ಹೊಟ್ಟೆ ಹೊಕ್ಕರೆ
ಗಾಳಿಗೆ ಓಡಲು ಜಾಗವಿಲ್ಲ, ಬಾಗಿಲನ್ನೇ ಹುಡುಕುತ್ತದೆ.
ಚಿಲಕ ಸಡಿಲಿದ್ದರೆ ಒಂದೇ ಏಟು.
ತುಳಸು ಹರಿಕಂತ್ರಳ ಕಿರುಬೆರಳು ಹೋದದ್ದು ಹಾಗೆ.
ಕೂಗಿದ್ದು ಯಾರೆಂದು
ಬೆಳಕು ಬಂದಮೇಲೆ ತಿಳಿಯಿತಂತೆ.
ಕೈಗೆ ಸೆರಗು ಸುತ್ತಿಕೊಂಡು ಮಡಗಾಂವಿಗೆ ಹೋಗಿ
ಆ ದಿನದ ಬಂಗಡೆ ಮಾರಿಯೇ ಬಂದಳು.

ಹಿಂದಿನ ಸಂಜೆಯ ರಿಜಿಸ್ಟರಿನಲ್ಲಿ
'ಚಿಲಕ ಸರಿ ಇದೆ.'
ಅಕ್ಷರ ನನ್ನದು.

ಈಗ ಮೇಲಿನ ಕಚೇರಿಯಿಂದ ನಕ್ಷೆ ಬಂದಿದೆ.
ಮುಂದಿನ ವರ್ಷದ ಗಾಡಿಗೆ ಜಾರುವ ಬಾಗಿಲು,
ಹದಿನೈದು ಸೆಕೆಂಡಿಗೆ ತಾನೇ ಮುಚ್ಚುವುದು.
ನಕ್ಷೆಯೊಳಗೊಬ್ಬ ಹತ್ತುತ್ತಿದ್ದಾನೆ,
ಕಣ್ಣಿಲ್ಲ ಮೂಗಿಲ್ಲ, ತೋಳುಗಳು ಮೈಗಂಟಿವೆ.
ಬುಟ್ಟಿ ಇಳಿಸಿ ಬಗ್ಗಿ ನೋಡಿದಳು ತುಳಸು:
"ಇಂವ ಎಲ್ಲಿ ಹೊಂಟವ ತಮಾ, ಬರಿಗೈಲಿ?"

ಟೇಪು ಹಿಡಿದೆ. ಬುಟ್ಟಿ ಇಪ್ಪತ್ತೇಳು ಇಂಚು,
ಆಚೀಚೆ ಅವಳ ಮೊಣಕೈ, ಬೆನ್ನಿಗೆ ಅವಳ ಸೊಸೆ,
ಸೊಸೆಯ ಬುಟ್ಟಿ.
ಕಡೆಯ ಬುಟ್ಟಿ ಒಳಸೇರುವಾಗ ನನ್ನ ವಾಚಿನಲ್ಲಿ ಐವತ್ತೆರಡು.
ಷರಾದ ಕಾಲಮ್ಮಿನಲ್ಲಿ ಬರೆದು ಕಳಿಸಿದ್ದೇನೆ.
ಮೂರು ತಿಂಗಳಾಯಿತು.
ನಕ್ಷೆಯವನು ಇನ್ನೂ ಬರಿಗೈಲೇ ಹತ್ತುತ್ತಿದ್ದಾನೆ.

ಅಲ್ಲಿಯವರೆಗೆ ಈ ಹಳೆಯದೇ.
ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದೆ,
ನೀರಿಳಿಯಲು ಮೂರು ತೂತು ಕೊರೆದೆ
(ನಕ್ಷೆಯಲ್ಲಿಲ್ಲ, ಕೇಳಿದರೆ ಹೇಳುವೆ).
ಬಿಜಾಗರಿಗೆ ಹೊಸ ಪಿನ್ನು, ಚೌಕಟ್ಟಿಗೆ ದಪ್ಪ ರಬ್ಬರು.
ನಾಲ್ವರು ಹೊತ್ತು ನಿಲ್ಲಿಸಿದೆವು.

"ಕೈ ಕೊಡೂದಿಲ್ಲ ನಾ," ಅಂದಳು ತುಳಸು,
"ಇದ್ರ ಮೇನೆ ನೋಡು."
ಬುಟ್ಟಿಯಿಂದ ಬಂಗಡೆಯೊಂದ ಸಂದಿಗಿಟ್ಟಳು.

ಮೊದಲ ಬಂಗಡೆ ಎರಡು ತುಂಡು.
ಯಾರೂ ಮಾತಾಡಲಿಲ್ಲ.
ರಬ್ಬರು ಬಿಚ್ಚಿ ಒಳಗೊಂದು ಪಟ್ಟಿ ಕೊಟ್ಟೆ.
ಎರಡನೆಯದರ ಬೆನ್ನು ಮುರಿಯಿತು.
ಬಿಸಿಲು ಗಂಗಾವಳಿ ಕಡೆಯ ಗಾಡಿ ಬರುವ ಹೊತ್ತಿಗೆ
ಮೂರನೆಯದನ್ನಿಟ್ಟಳು. ನಾನೇ ದೂಡಿದೆ,
ಸುರಂಗದ ಗಾಳಿ ದೂಡುವಷ್ಟು ಜೋರಾಗಿ.

ತೆಗೆದು, ನಾಲ್ಕು ಬೆರಳಲ್ಲಿ ತಿರುಗಿಸಿ ನೋಡಿದಳು.
ಹೊಟ್ಟೆ ಕೊಂಚ ಚಪ್ಪಟೆ. ಚರ್ಮ ಒಡೆದಿಲ್ಲ.
"ಅಡ್ಡಿಲ್ಲ."

ಮೂರನ್ನೂ ನನ್ನ ಡಬ್ಬಿಗೆ ಹಾಕಿ ಗಾಡಿಗೆ ಓಡಿದಳು.

ರಿಜಿಸ್ಟರು ತೆರೆದು ಕೂತಿದ್ದೇನೆ.
'ಸರಿ ಇದೆ' ಎಂಬಲ್ಲಿ ಪೆನ್ನು ಹೋಗುತ್ತಿಲ್ಲ.
ಕಡೆಗೆ ಅವಳದನ್ನೇ ಬರೆದೆ.
ಸಾಹೇಬರು ಘಟ್ಟದ ಮೇಲಿನವರು,
ಅರ್ಥ ಕೇಳಿದರೆ ಏನು ಹೇಳಲಿ,
ಡಬ್ಬಿ ತೆರೆದು ತೋರಿಸಲೆ?